ಮುಖ ನೋಡಿ ನೀಡಿದ ತೀರ್ಪು

ಪರರ ಗುಣದೋಷಗಳನ್ನು ಅಳೆಯುವುದು ಮನುಷ್ಯನಿಗೆ ಬಹು ಸುಲಭ. ಅಳೆದದ್ದು ಸರಿಯೇ ಎಂದು ಮರಳಿ ಪರೀಕ್ಷಿಸುವುದು ಅಷ್ಟೇ ಕಷ್ಟ. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂದು ಹಿರಿಯರು ಎಚ್ಚರಿಸಿದ್ದು ಇದಕ್ಕಾಗಿಯೇ. ಈ ಎಚ್ಚರಿಕೆಯ ಅಗತ್ಯ ನ್ಯಾಯಾಲಯಕ್ಕೆ ಇರುವಂತೆ ಮನೆಗೂ ಇದೆ, ಸಭೆಗೂ ಇದೆ, ಆಟದ ಮೈದಾನಕ್ಕೂ ಇದೆ. 2011ರ ಜನವರಿ 23ರಂದು ಅಮೆರಿಕದ ಚಿಕಾಗೊ ನಗರದಲ್ಲಿ ನಡೆದ ಒಂದು ಫುಟ್‌ಬಾಲ್ ಪಂದ್ಯ ಅದಕ್ಕೆ ನಿದರ್ಶನವಾಗಿ ನಿಂತಿದೆ.

ಅಮೆರಿಕದವರ ಫುಟ್‌ಬಾಲ್ ನಮ್ಮಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಪ್ರತಿ ತಂಡದಲ್ಲೂ 11 ಮಂದಿ. ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಇಲ್ಲವಾದರೆ ಚೆಂಡು ಎದುರಾಳಿಗೆ ಸೇರುತ್ತದೆ. ಈ ಯತ್ನಗಳಿಗೆಲ್ಲ ಸೂತ್ರಧಾರನಾದವನು ‘ಕ್ವಾರ್ಟರ್‌ಬ್ಯಾಕ್’. ಚೆಂಡು ಮೊದಲು ಬರುವುದು ಅವನ ಕೈಗೆ. ನೂರಿಪ್ಪತ್ತು ಕಿಲೋಗ್ರಾಮಿಗೂ ಮಿಗಿಲಾದ ದೇಹಗಳು ತನ್ನ ಮೇಲೆ ನುಗ್ಗಿ ಬರುತ್ತಿರುವಾಗ, ಎರಡು ಮೂರು ಸೆಕೆಂಡುಗಳಲ್ಲಿ ಚೆಂಡನ್ನು ಯಾರಿಗೆ ಎಸೆಯಬೇಕೆಂಬುದನ್ನು ಅವನು ನಿಶ್ಚಯಿಸಬೇಕು. ಗೆದ್ದಾಗ ಕೀರ್ತಿಯ ದೊಡ್ಡ ಪಾಲು ಅವನದು. ಸೋತಾಗ ನಿಂದೆಯ ದೊಡ್ಡ ಪಾಲೂ ಅವನದೇ. ಎರಡೂ ಅವನ ಅರ್ಹತೆಗಿಂತ ಅಧಿಕವಾಗಿಯೇ ಬರುತ್ತವೆ.

ಅಂದು ‘ಚಿಕಾಗೊ ಬೇರ್ಸ್’ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಜೇ ಕಟ್ಲರ್. ಅವರ ತೋಳಿನ ಬಲ ಅಸಾಧಾರಣವೆಂಬುದನ್ನು ವಿರೋಧಿಗಳೂ ಒಪ್ಪುತ್ತಿದ್ದರು. 2006ರಲ್ಲಿ ಡೆನ್ವರ್ ತಂಡ ಅವರನ್ನು ಮೊದಲ ಸುತ್ತಿನಲ್ಲಿಯೇ ಆಯ್ದುಕೊಂಡಿತ್ತು. 2009ರಲ್ಲಿ ಅಲ್ಲಿಗೆ ಬಂದ ಹೊಸ ತರಬೇತುದಾರರು ತಮ್ಮನ್ನು ಬೇರೆ ತಂಡಕ್ಕೆ ಬಿಟ್ಟುಕೊಡಲು ಯೋಚಿಸಿದ್ದರೆಂದು ತಿಳಿದಾಗ ಕಟ್ಲರ್ ಮುನಿದರು. ಆ ಮುನಿಸು ಮತ್ತೆ ತಿಳಿಯಾಗಲಿಲ್ಲ. ಚಿಕಾಗೊ ತಂಡ ಎರಡು ವರ್ಷಗಳ ಮೊದಲ ಸುತ್ತಿನ ಆಯ್ಕೆಯ ಹಕ್ಕುಗಳನ್ನು ಬಿಟ್ಟುಕೊಟ್ಟು ಅವರನ್ನು ಕರೆತಂದಿತು. ಇಷ್ಟು ಬೆಲೆ ತೆತ್ತು ತಂದವರ ಮೇಲೆ ನಗರದ ನಿರೀಕ್ಷೆ ಸಹಜವಾಗಿಯೇ ಬೆಟ್ಟದಷ್ಟಿತ್ತು. ಆದರೆ ಬಂದ ವರ್ಷವೇ ಅವರ 26 ಎಸೆತಗಳು ಎದುರಾಳಿಗಳ ಕೈ ಸೇರಿದವು. ಇದಕ್ಕೆ ಜೊತೆಯಾಗಿ ಅವರ ಮುಖಭಾವವೊಂದಿತ್ತು. ಸೋಲಲಿ, ಗೆಲ್ಲಲಿ, ಎಲ್ಲದರ ಬಗ್ಗೆಯೂ ಬೇಸರಗೊಂಡವರಂತೆ ಕಾಣುವ ಮುಖ. ವರದಿಗಾರರಿಗೆ ತುಂಡು ಮಾತಿನ ಉತ್ತರ. ಅಭಿಮಾನಿಗಳು ಪ್ರತಿಭೆಯನ್ನು ಕೊಂಡಾಡುತ್ತಲೇ ಸ್ವಭಾವವನ್ನು ಶಂಕಿಸತೊಡಗಿದರು.

2011ರ ಆ ಪಂದ್ಯದಲ್ಲಿ ಚಿಕಾಗೊದ ಎದುರಾಳಿ ‘ಗ್ರೀನ್ ಬೇ ಪ್ಯಾಕರ್ಸ್’. ಗೆದ್ದವರಿಗೆ ‘ಸೂಪರ್ ಬೌಲ್’ ಎಂಬ ಅಂತಿಮ ಪಂದ್ಯದಲ್ಲಿ ಆಡುವ ಅವಕಾಶ. ಹಲವು ದಶಕಗಳ ವೈರವಿದ್ದ ಈ ಎರಡು ತಂಡಗಳು ಇಂತಹ ನಿರ್ಣಾಯಕ ಘಟ್ಟದಲ್ಲಿ ಮುಖಾಮುಖಿಯಾದದ್ದು 1941ರ ಬಳಿಕ ಅದೇ ಮೊದಲು. ಮೊದಲರ್ಧದಲ್ಲಿ ಕಟ್ಲರ್ ಅವರ ಮೊಣಕಾಲಿಗೆ ಪೆಟ್ಟಾಯಿತು. ದ್ವಿತೀಯಾರ್ಧದ ಆರಂಭದಲ್ಲಿ ಕೆಲವು ಕ್ಷಣ ಆಡಿ ಅವರು ಹೊರಬಂದರು. ಅನಂತರ ದೂರದರ್ಶನದ ಕ್ಯಾಮೆರಾಗಳು ಮತ್ತೆ ಮತ್ತೆ ತೋರಿಸಿದ್ದು ಅವರು ಮೈದಾನದ ಅಂಚಿನಲ್ಲಿ ನಿಂತಿರುವುದನ್ನು, ಒಂಟಿಯಾಗಿ ಬೆಂಚಿನ ಮೇಲೆ ಕುಳಿತಿರುವುದನ್ನು. ಊರುಗೋಲಿಲ್ಲ, ನೋವಿನ ನರಳಾಟವಿಲ್ಲ. ಅದೇ ಹಳೆಯ ಬೇಸರದ ಮುಖ. ಚಿಕಾಗೊ 14–21ರಿಂದ ಸೋತಿತು.

ತೀರ್ಪಿಗೆ ಪಂದ್ಯ ಮುಗಿಯುವವರೆಗೂ ತಾಳ್ಮೆ ಇರಲಿಲ್ಲ. ಕಾಲು ಮುರಿಯದೆ ಆಟ ಬಿಟ್ಟವರೆಂದು, ಧೈರ್ಯ ಸಾಲದೆ ಹಿಂಜರಿದವರೆಂದು ಮನೆಯಲ್ಲಿ ಕುಳಿತು ನೋಡುತ್ತಿದ್ದ ಬೇರೆ ತಂಡಗಳ ಆಟಗಾರರೇ ಬಹಿರಂಗವಾಗಿ ಹೀಯಾಳಿಸಿದರು. 2008ರಲ್ಲಿ ಇಂತಹುದೇ ಪಂದ್ಯವೊಂದನ್ನು ಮೊಣಕಾಲಿನ ಅಸ್ಥಿರಜ್ಜು ಹರಿದಿದ್ದರೂ ಪೂರ್ತಿ ಆಡಿದ್ದ ಫಿಲಿಪ್ ರಿವರ್ಸ್ ಅವರ ಹೆಸರನ್ನು ಹಲವರು ಎತ್ತಿ ತೋರಿಸಿದರು. ಕೆಲವು ಅಭಿಮಾನಿಗಳು ಕಟ್ಲರ್ ಅವರ ಹೆಸರಿದ್ದ ಅಂಗಿಗೆ ಬೆಂಕಿಯಿಟ್ಟರು.

ಮರುದಿನ ಎಂ.ಆರ್.ಐ. ಪರೀಕ್ಷೆ ನಡೆಯಿತು. ಮೊಣಕಾಲಿನ ಒಳಬದಿಯ ಅಸ್ಥಿರಜ್ಜಿಗೆ ನಿಜವಾಗಿಯೂ ಗಾಯವಾಗಿತ್ತು. ಅವರನ್ನು ಹೊರಗುಳಿಸಿದ್ದು ತಂಡದ ವೈದ್ಯ ಸಿಬ್ಬಂದಿಯ ಹಾಗೂ ತರಬೇತುದಾರರ ನಿರ್ಧಾರವೆಂದು ಮುಖ್ಯ ತರಬೇತುದಾರ ಲವೀ ಸ್ಮಿತ್ ಸ್ಪಷ್ಟಪಡಿಸಿದರು. ತಂಡದ ಹಿರಿಯ ಆಟಗಾರ ಬ್ರಯನ್ ಅರ್ಲಾಕರ್ ಕೂಡ ಅವರ ಬೆಂಬಲಕ್ಕೆ ನಿಂತರು. ಆದರೆ ಸುಟ್ಟ ಅಂಗಿ ಮರಳಿ ಅಂಗಿಯಾಗಲಿಲ್ಲ. ಅಂದು ಅಂಟಿದ ಅಪವಾದ ವರ್ಷಗಟ್ಟಲೆ ಅವರ ಹೆಸರಿನ ಬೆನ್ನು ಬಿಡಲಿಲ್ಲ.

ಅವರನ್ನು ಹೇಡಿಯೆಂದವರ ಕಣ್ಣೆದುರಿಗೇ ಬೇರೆ ಸಾಕ್ಷ್ಯಗಳಿದ್ದವು. ಅದೇ ಋತುವಿನಲ್ಲಿ ಕಟ್ಲರ್ 52 ಬಾರಿ ಚೆಂಡಿನ ಸಮೇತ ನೆಲಕ್ಕೆ ಕೆಡವಲ್ಪಟ್ಟಿದ್ದರು; ಆ ವರ್ಷ ಬೇರಾವ ಕ್ವಾರ್ಟರ್‌ಬ್ಯಾಕ್‌ಗೂ ಅಷ್ಟು ಪೆಟ್ಟು ಬಿದ್ದಿರಲಿಲ್ಲ. ನ್ಯೂಯಾರ್ಕ್‌ನ ಜೈಂಟ್ಸ್ ತಂಡದ ಎದುರು ಮೊದಲರ್ಧವೊಂದರಲ್ಲಿಯೇ ಒಂಬತ್ತು ಸಲ ಕೆಡವಲ್ಪಟ್ಟು, ತಲೆಗೆ ಏಟು ತಿಂದು, ಒಂದೇ ಪಂದ್ಯ ತಪ್ಪಿಸಿ ಮರಳಿದ್ದರು. ಅದಕ್ಕೂ ಮೊದಲು 2007ರಲ್ಲಿ ಕಾರಣ ತಿಳಿಯದೆ ಸುಮಾರು 15 ಕಿಲೋಗ್ರಾಂ ತೂಕ ಕಳೆದುಕೊಂಡರೂ ಡೆನ್ವರ್ ತಂಡದ 16 ಪಂದ್ಯಗಳನ್ನೂ ಆಡಿದ್ದರು. 2008ರಲ್ಲಿ ಅದು ಒಂದನೆಯ ಬಗೆಯ ಮಧುಮೇಹವೆಂದು ತಿಳಿಯಿತು. ಅಂದಿನಿಂದ ಇನ್ಸುಲಿನ್ ಅವರ ನಿತ್ಯಸಂಗಾತಿಯಾಯಿತು; ಪಂದ್ಯದ ನಡುವೆಯೂ ಬೆರಳು ಚುಚ್ಚಿ ರಕ್ತದ ಸಕ್ಕರೆಯನ್ನು ನೋಡಿಕೊಳ್ಳುತ್ತಿದ್ದರು. ಇವೆಲ್ಲ ಗುಟ್ಟಿನ ಸಂಗತಿಗಳಲ್ಲ. ಆದರೆ ಜನ ಸಾಕ್ಷ್ಯವನ್ನು ನೋಡಲಿಲ್ಲ, ಮುಖವನ್ನು ನೋಡಿದರು.

ಇದೇ ಕಾಲದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಅವರಿಗೆ ದೊರೆತ ತೀರ್ಪನ್ನು ಪಕ್ಕದಲ್ಲಿಟ್ಟು ನೋಡಬೇಕು. ಅವರೂ ಅಪಾಯ ಲೆಕ್ಕಿಸದೆ ಎಸೆಯುತ್ತಿದ್ದವರೇ. 1991ರಿಂದ 2010ರವರೆಗಿನ ಆಟದಲ್ಲಿ ಅವರ 336 ಎಸೆತಗಳು ಎದುರಾಳಿಗಳ ಪಾಲಾದವು, ಅದು ದಾಖಲೆ. ಸೂಪರ್ ಬೌಲ್‌ನ ಹೊಸ್ತಿಲಲ್ಲಿ, 2008ರಲ್ಲಿ ಗ್ರೀನ್ ಬೇ ಪರವಾಗಿ ಮತ್ತು 2010ರಲ್ಲಿ ಮಿನ್ನೆಸೋಟ ಪರವಾಗಿ, ಅವರು ಎಸೆದ ಚೆಂಡು ಶತ್ರುವಿನ ಕೈ ಸೇರಿತ್ತು. ಆದರೂ ಫಾರ್ವ್ ಮೈದಾನದಲ್ಲಿ ಬಾಲಕನಂತೆ ಕುಣಿಯುತ್ತಿದ್ದರು, ನಗುತ್ತಿದ್ದರು. ಒಬ್ಬರಲ್ಲಿ ಅಜಾಗರೂಕತೆ ಎನಿಸಿಕೊಂಡದ್ದು ಇನ್ನೊಬ್ಬರಲ್ಲಿ ಎದೆಗಾರಿಕೆ ಎನಿಸಿಕೊಂಡಿತು. ಕಾರ್ಯ ಒಂದೇ, ಮುಖ ಮಾತ್ರ ಬೇರೆ.

ಹೊಗಳಿಕೆಯ ತೀರ್ಪಿನಲ್ಲೂ ಕುರುಡುತನವಿದೆ. ಫಾರ್ವ್ ಸತತವಾಗಿ 297 ಪಂದ್ಯಗಳನ್ನು ಆರಂಭಿಸಿದರು. ನೋವನ್ನು ನುಂಗಿ ಆಡುವ ಛಲವೆಂದು ಜನ ಜಯಕಾರ ಹಾಕಿದರು. ನೋವಿನೊಡನೆ ನುಂಗಿದ್ದು ಗುಳಿಗೆಗಳನ್ನೂ ಎಂಬುದು 1996ರಲ್ಲಿ ಹೊರಬಿತ್ತು. ನೋವುನಿವಾರಕ ಔಷಧಿಯ ವ್ಯಸನಕ್ಕೆ ಸಿಲುಕಿದ್ದನ್ನು ಸ್ವತಃ ಒಪ್ಪಿಕೊಂಡು ಅವರು ಚಿಕಿತ್ಸೆಗೆ ದಾಖಲಾದರು. ನಗುವ ಮುಖದ ಹಿಂದಿನ ಸಂಕಟ ಜಯಕಾರ ಹಾಕಿದವರಿಗೆ ಕಂಡಿರಲಿಲ್ಲ. ಗಾಯಗೊಂಡವನು ಆಡಲೇಬೇಕೆಂದು ಬಯಸುವ ಗುಂಪು, ತನ್ನ ಮೂರು ಗಂಟೆಯ ಸಂತೋಷಕ್ಕಾಗಿ ಇನ್ನೊಬ್ಬನ ದೇಹವನ್ನು ಒತ್ತೆಯಿಡುತ್ತದೆ.

ಹಾಗೆಂದು ಕಟ್ಲರ್ ನಿರ್ದೋಷಿಯೆನ್ನುವಂತಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಗ್ರೀನ್ ಬೇ ಎದುರು ಏಳು ಸಲ ಕೆಡವಲ್ಪಟ್ಟ ಪಂದ್ಯದಲ್ಲಿ, ತಮ್ಮನ್ನು ಕಾಯಬೇಕಾಗಿದ್ದ ಸಹ ಆಟಗಾರನ ಮೇಲೆ ಎಲ್ಲರೆದುರು ಕೂಗಾಡಿ, ಭುಜದಿಂದ ತಳ್ಳಿದರು. ಸಹಚರನಿಗೆ ಮಾಡಿದ ಈ ಅವಮಾನ ತಪ್ಪು. ಆಗ ಬಂದ ಟೀಕೆಯೂ ನ್ಯಾಯವೇ. ಏಕೆಂದರೆ ಅದು ನಡೆದ ಕಾರ್ಯಕ್ಕೆ ಸಂದ ಟೀಕೆ. ಆದರೆ 2011ರ ತೀರ್ಪು ಅಂತಹುದಲ್ಲ. ಸಿಡುಕ ಎಂಬ ಕಾರಣಕ್ಕೆ ಹೇಡಿಯೂ ಇರಬೇಕೆಂದು ಜನ ಊಹಿಸಿದರು. ಒಂದು ದೋಷ ಇನ್ನೊಂದು ದೋಷಕ್ಕೆ ಸಾಕ್ಷಿಯಾಗಲಾರದು. ಕೋಪಿಷ್ಠ ಕಳ್ಳನಾಗಬೇಕಿಲ್ಲ, ಮಿತಭಾಷಿ ಅಹಂಕಾರಿಯಾಗಬೇಕಿಲ್ಲ, ಅಳದವನಿಗೆ ನೋವಿಲ್ಲವೆಂದಲ್ಲ.

ಕಟ್ಲರ್ 2017ರಲ್ಲಿ ಚಿಕಾಗೊ ತಂಡವನ್ನು ತೊರೆದಾಗ, ಅದರ ಸುದೀರ್ಘ ಇತಿಹಾಸದಲ್ಲಿ ಎಸೆತದಿಂದ ಅತಿ ಹೆಚ್ಚು ಗಜಗಳನ್ನು ಗಳಿಸಿದವರು ಅವರೇ ಆಗಿದ್ದರು. ಅವರ ಹೆಸರು ಕೇಳಿದರೆ ಹಲವರಿಗೆ ಇಂದಿಗೂ ನೆನಪಾಗುವುದು ಬೆಂಚಿನ ಮೇಲಿನ ಆ ಮುಖ. ಸತ್ಯ ತಿಳಿಯಲು ಅಂದು ಬೇಕಾಗಿದ್ದದ್ದು ಒಂದು ದಿನದ ಕಾಯುವಿಕೆ ಮಾತ್ರ. ಆ ಒಂದು ದಿನವನ್ನು ಕೊಡಲಾಗದಷ್ಟು ಅವಸರ ಆಟದ ಅಭಿಮಾನಿಗಳಿಗಷ್ಟೇ ಇರುವುದಲ್ಲ. ಮುಖ ಗಂಟಿಕ್ಕಿಕೊಂಡಿರುವ ಮಗನ ವಿಷಯದಲ್ಲಿ, ಮಾತು ಕಡಿಮೆಯಾದ ಸೊಸೆಯ ವಿಷಯದಲ್ಲಿ, ಸಭೆಯಲ್ಲಿ ಒರಟಾಗಿ ಮಾತನಾಡುವ ಸಹೋದ್ಯೋಗಿಯ ವಿಷಯದಲ್ಲಿ ಎಷ್ಟೋ ಮನೆಗಳು, ಎಷ್ಟೋ ಸಂಸ್ಥೆಗಳು ಇದೇ ಅವಸರಕ್ಕೆ ಬಲಿಯಾಗುತ್ತವೆ. ತೀರ್ಪು ಅನಿವಾರ್ಯವಾದಾಗಲೂ ಅದಕ್ಕೆ ಮುನ್ನ ಒಂದು ದಿನ ಕಾಯುವುದು ಯಾರಿಂದಲೂ ಆಗದ ತಪಸ್ಸೇನಲ್ಲ.