ಹಿಡಿದು ಬಿಟ್ಟ ಮೀನು

ಹಿಂಸೆಯ ಸ್ವರೂಪವನ್ನು ವಿವರಿಸುವಾಗ ಜೈನಾಚಾರ್ಯರು ಅದಕ್ಕೆ ಮೂರು ಬಾಗಿಲುಗಳಿವೆಯೆಂದು ತೋರಿಸಿದ್ದಾರೆ. ತಾನೇ ಮಾಡುವುದು ಒಂದು, ಪರರಿಂದ ಮಾಡಿಸುವುದು ಮತ್ತೊಂದು, ಪರರು ಮಾಡಿದ್ದನ್ನು ಮನಸ್ಸಿನಲ್ಲಿ ಮೆಚ್ಚುವುದು ಮೂರನೆಯದು. ಕೃತ, ಕಾರಿತ, ಅನುಮೋದಿತ ಎಂಬ ಈ ಮಾತುಗಳು ಪಾಠಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿರುವಂಥವು. ಆದರೆ ಮೊದಲ ಬಾಗಿಲಿಗೆ ಭದ್ರವಾಗಿ ಅಗಳಿ ಹಾಕಿಕೊಂಡ ಶ್ರಾವಕನು ಉಳಿದೆರಡು ಬಾಗಿಲುಗಳು ತೆರೆದೇ ಇವೆಯೆಂಬುದನ್ನು ಮರೆಯುವುದುಂಟು. ಹಾಗೆ ಮರೆತ ಗೃಹಸ್ಥನೊಬ್ಬನಿಗೆ ದೂರದೇಶದ ಒಂದು ಬೆಟ್ಟದ ಸರೋವರವು ಆ ಪಾಠವನ್ನು ಮತ್ತೊಮ್ಮೆ ಕಲಿಸಿತು.

ಆತ ಕಾರ್ಕಳದ ಕಡೆಯ ಜೈನ ಮನೆತನದಲ್ಲಿ ಹುಟ್ಟಿ, ಉದ್ಯೋಗನಿಮಿತ್ತ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವನು. ಮನೆಯಲ್ಲಿ ನಿತ್ಯ ದೇವದರ್ಶನ, ಸೂರ್ಯಾಸ್ತಕ್ಕೆ ಮೊದಲೇ ಊಟ, ಚಾತುರ್ಮಾಸದಲ್ಲಿ ಹಸಿರು ತರಕಾರಿಯ ತ್ಯಾಗ ಎಲ್ಲವೂ ನಡೆದುಕೊಂಡು ಬಂದಿದ್ದವು. ಹದಿಮೂರು ವರ್ಷದ ಮಗನು ಆ ನಾಡಿನ ಶಾಲೆಯಲ್ಲಿ ಓದುತ್ತಿದ್ದನು. ಸಹಪಾಠಿಗಳ ಹುಟ್ಟುಹಬ್ಬದ ಔತಣಗಳಲ್ಲಿ ತಾನೊಬ್ಬನೇ ಖಾಲಿ ತಟ್ಟೆ ಹಿಡಿದು ನಿಲ್ಲಬೇಕಾಗುತ್ತದೆಯೆಂಬ ಸಂಕೋಚ ಆ ಹುಡುಗನಿಗಿತ್ತು. ಹೀಗಿರುವಾಗ ಆಗಸ್ಟ್ ತಿಂಗಳಲ್ಲಿ ಅವನ ಆಪ್ತ ಗೆಳೆಯನ ತಂದೆ, ಸಿಯೆರಾ ನೆವಾಡ ಪರ್ವತಗಳ ಒಳನಾಡಿನ ಸರೋವರವೊಂದಕ್ಕೆ ಟ್ರೌಟ್ ಮೀನಿನ ಗಾಳಕ್ಕಾಗಿ ಹೋಗುವುದೆಂದೂ, ತಂದೆಮಕ್ಕಳಿಬ್ಬರೂ ಜೊತೆಗೆ ಬರಬೇಕೆಂದೂ ಕರೆದನು. “ನಾವು ಮೀನನ್ನು ಕೊಲ್ಲುವುದಿಲ್ಲ. ಹಿಡಿದು, ನೋಡಿ, ಮತ್ತೆ ನೀರಿಗೆ ಬಿಟ್ಟುಬಿಡುತ್ತೇವೆ” ಎಂಬ ಭರವಸೆಯನ್ನೂ ಕೊಟ್ಟನು.

ಮಗನ ಮುಖದ ಮೇಲಿನ ಆಸೆಯನ್ನು ಕಂಡು ತಂದೆ ಒಪ್ಪಿದನು. ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದವರು ಗಾಳ ಹಾಕಬೇಕಾದರೆ ಸರಕಾರದ ಪರವಾನಗಿ ಪಡೆಯಬೇಕು. ಅದಕ್ಕಿಂತ ಚಿಕ್ಕವರಿಗೆ ಬೇಕಿಲ್ಲ. ತಂದೆ ಪರವಾನಗಿ ಪಡೆಯಲಿಲ್ಲ. ಅದಿಲ್ಲದಿರುವುದೇ ತನ್ನ ವ್ರತಕ್ಕೆ ಕಾವಲೆಂದು ಅವನು ಸಮಾಧಾನ ಮಾಡಿಕೊಂಡನು. ತಾನು ಕೋಲನ್ನು ಮುಟ್ಟುವುದಿಲ್ಲ, ಮೀನು ಸಾಯುವುದಿಲ್ಲ, ಮಗನಿಗೆ ಗೆಳೆಯನ ಸಂಗ ತಪ್ಪುವುದಿಲ್ಲ. ಇದರಲ್ಲಿ ದೋಷವೆಲ್ಲಿಯದು?

ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದಲ್ಲಿರುವ ರೇ ಸರೋವರಗಳಿಗೆ ವಾಹನದ ಹಾದಿಯಿಲ್ಲ. ಆನಿಯನ್ ವ್ಯಾಲಿಯಿಂದ ಹೊರಟು ಸುಮಾರು 11,700 ಅಡಿ ಎತ್ತರದ ಕಿಯರ್‌ಸಾರ್ಜ್ ಘಟ್ಟವನ್ನೂ, ಹೆಚ್ಚುಕಡಿಮೆ 12,000 ಅಡಿಯ ಗ್ಲೆನ್ ಘಟ್ಟವನ್ನೂ ಕಾಲ್ನಡಿಗೆಯಲ್ಲಿ ದಾಟಬೇಕು. ಬೆನ್ನ ಮೇಲೆ ಗುಡಾರ, ಆಹಾರ, ಆ ಆಹಾರವನ್ನು ಕರಡಿಗಳಿಂದ ಕಾಯುವ ಗಟ್ಟಿ ಡಬ್ಬಿ. ಆ ಪರ್ವತಗಳಲ್ಲಿ ತಿರುಗಾಡುವವರು ರೋಗಭಯದಿಂದ ನೀರನ್ನು ಸೋಸಿಯೇ ಕುಡಿಯುವುದನ್ನು ಕಂಡು, ತನ್ನ ತಾಯಿ ಕೊಡದ ಬಾಯಿಗೆ ಬಿಳಿಯ ಬಟ್ಟೆ ಕಟ್ಟುತ್ತಿದ್ದುದು ತಂದೆಗೆ ನೆನಪಾಯಿತು. ಇವರು ಸೋಸುವುದು ತಮ್ಮ ರಕ್ಷಣೆಗಾಗಿ, ತಾಯಿ ಸೋಸುತ್ತಿದ್ದುದು ನೀರಿನ ಜೀವಿಗಳ ರಕ್ಷಣೆಗಾಗಿ ಎಂಬ ವ್ಯತ್ಯಾಸವೂ ಆಗಲೇ ಹೊಳೆದಿತ್ತು.

ಸರೋವರವಿದ್ದುದು ಸುಮಾರು 10,500 ಅಡಿಯ ಎತ್ತರದಲ್ಲಿ. ಮುಂಜಾನೆ ನೀರು ಅಲುಗದೆ ನಿಂತಿತ್ತು. ಅಲ್ಲಲ್ಲಿ ಮೀನು ಮೇಲೆ ಬಂದು ಹುಳವನ್ನು ಹಿಡಿದಾಗ ಒಂದೊಂದು ಉಂಗುರವೆದ್ದು ಹರಡುತ್ತಿತ್ತು. ಆತಿಥೇಯನು ಸಜ್ಜನ, ತನ್ನ ಹವ್ಯಾಸವನ್ನು ಶ್ರದ್ಧೆಯಿಂದ ನಡೆಸುವವನು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡುವುದನ್ನು, ಮೀನಿನ ಮೈಮೇಲಿನ ಲೋಳೆಯೇ ಅದರ ಕವಚವಾದುದರಿಂದ ಮುಟ್ಟುವ ಮೊದಲು ಕೈಗಳನ್ನು ಒದ್ದೆಮಾಡಿಕೊಳ್ಳುವುದನ್ನು, ದಣಿದ ಮೀನು ತಾನಾಗಿ ಈಜುವವರೆಗೆ ನೀರಿನಲ್ಲಿಯೇ ಹಿಡಿದಿರುವುದನ್ನು ಅವನು ಹುಡುಗರಿಗೆ ಕಲಿಸಿದನು. ಗರಿ ಮತ್ತು ನೂಲುಗಳಿಂದ ಕಟ್ಟಿದ ಕೃತಕ ನೊಣವೇ ಅವರ ಎರೆ.

ಮಗನಿಗೆ ಮೊದಲ ಮೀನು ಸಿಕ್ಕಿತು. ಬೆನ್ನ ಮೇಲೆ ಹಾವಿನ ಹೊರೆಯಂತಹ ಗೆರೆಗಳು, ಪಕ್ಕಗಳಲ್ಲಿ ನೀಲಿಯ ಕಟ್ಟಿನೊಳಗೆ ಕೆಂಪು ಚುಕ್ಕೆಗಳು. ಅದು ಬ್ರೂಕ್ ಟ್ರೌಟ್. ಬಿಟ್ಟೊಡನೆ ಸರಿದುಹೋಯಿತು. ಎರಡನೆಯದೂ ಹಾಗೆಯೇ ಹೋಯಿತು. ಬಂಡೆಯ ಮೇಲೆ ಕುಳಿತಿದ್ದ ತಂದೆಯ ಮನಸ್ಸು ಹಗುರವಾಯಿತು. ಮೂರನೆಯ ಮೀನು ದೊಡ್ಡದಿದ್ದಿರಬೇಕು. ಕೋಲು ಬಿಲ್ಲಿನಂತೆ ಬಾಗಿತು. ಹುಡುಗ ತಬ್ಬಿಬ್ಬಾಗಿ ದಾರವನ್ನು ಸಡಿಲಿಸುವುದರಲ್ಲಿದ್ದನು. ಆಗ ಆ ನಿಶ್ಶಬ್ದ ಕಣಿವೆಯಲ್ಲಿ ಕನ್ನಡದ ಒಂದು ಕೂಗು ಕೇಳಿಸಿತು: “ಬಿಡಬೇಡ ಮಗಾ, ಎಳೆ!”

ತಂದೆ ಎದ್ದು ನಿಂತಿದ್ದನು. ಆ ಕೂಗು ತನ್ನದೆಂಬುದು ಅವನಿಗೆ ಅರಿವಾದುದು ಅದು ಹೊರಟುಹೋದ ಮೇಲೆ. ಮಗ ಬಲವಾಗಿ ಎಳೆದನು. ಮೀನು ದಡಕ್ಕೆ ಬಂದಾಗ ಗಾಳವು ತುಟಿಯಲ್ಲಿರಲಿಲ್ಲ; ಕಿವಿರಿನೊಳಗೆ ಹೊಕ್ಕಿತ್ತು. ಗಾಳವನ್ನು ಬಿಡಿಸುತ್ತಿದ್ದಂತೆ ರಕ್ತ ಹರಿಯಿತು. ಆತಿಥೇಯನು ಅದನ್ನು ನೀರಿನಲ್ಲಿ ಬಹಳ ಹೊತ್ತು ಹಿಡಿದಿದ್ದನು. ಕೈ ಬಿಟ್ಟಾಗಲೆಲ್ಲ ಅದು ಮಗ್ಗುಲಿಗೆ ಹೊರಳಿ ಹೊಟ್ಟೆ ಮೇಲಾಗುತ್ತಿತ್ತು. ಕಡೆಗೆ ಅವನು ಅದರ ಯಾತನೆಯನ್ನು ಒಂದೇ ಏಟಿನಲ್ಲಿ ಮುಗಿಸಿ, ವ್ಯರ್ಥಮಾಡಬಾರದೆಂದು ತನ್ನ ಪಾತ್ರೆಯಲ್ಲಿ ಬೇಯಿಸಿಕೊಂಡನು. ಹುಡುಗ ಅದನ್ನು ಮುಟ್ಟಲಿಲ್ಲ; ಮಾತನ್ನೂ ಆಡಲಿಲ್ಲ.

ಆ ರಾತ್ರಿ ಗುಡಾರದಲ್ಲಿ ತಂದೆಗೆ ನಿದ್ರೆ ಬರಲಿಲ್ಲ. ಮೀನು ಸತ್ತುದಕ್ಕಿಂತಲೂ ಹೆಚ್ಚಾಗಿ ಅವನನ್ನು ಕಾಡಿದ್ದು ಕೋಲು ಬಾಗಿದ ಕ್ಷಣದಲ್ಲಿ ತನ್ನೊಳಗೆ ಚಿಮ್ಮಿದ ಹರ್ಷ. ಪರವಾನಗಿಯಿಲ್ಲದ ಕೈ ಶುದ್ಧವಾಗಿತ್ತು. ಆದರೆ ಮಗನನ್ನು ಕಳುಹಿಸಿದ ಒಪ್ಪಿಗೆ, ಎಳೆ ಎಂದು ಕೂಗಿದ ನಾಲಗೆ, ಹಿಗ್ಗಿದ ಮನಸ್ಸು? ಇವಕ್ಕೆ ಯಾವ ಸರಕಾರವೂ ಪರವಾನಗಿ ಕೇಳುವುದಿಲ್ಲ. ಕೇಳುವುದು ಕರ್ಮವೊಂದೇ.

ಬಾಲ್ಯದಲ್ಲಿ ಅಜ್ಜಿ ಹೇಳುತ್ತಿದ್ದ ಮೃಗಸೇನ ಧೀವರನ ಕಥೆ ಆಗ ಅವನ ನೆನಪಿಗೆ ಬಂದಿತು. ಮುನಿಗಳ ಬಳಿ ಆ ಬೆಸ್ತನು ಪಡೆದದ್ದು ಒಂದೇ ವ್ರತ: ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲದೆ ಬಿಡುವುದು. ಮೊದಲು ಸಿಕ್ಕಿದ ಮೀನಿಗೆ ಗುರುತಿಗಾಗಿ ಬಟ್ಟೆಯ ಚೂರು ಕಟ್ಟಿ ಬಿಟ್ಟನು. ಅಂದು ಐದು ಬಾರಿಯೂ ಬಲೆಗೆ ಬಂದುದು ಅದೇ ಮೀನು. ಐದು ಬಾರಿಯೂ ಬಿಟ್ಟನು. ಬರಿಗೈಯಲ್ಲಿ ಮನೆಗೆ ಹೋದಾಗ ಹೆಂಡತಿ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಹೊರಗೆ ಮಲಗಿದ್ದವನು ಹಾವು ಕಚ್ಚಿ ಸತ್ತನು. ಮರುಜನ್ಮದಲ್ಲಿ ಐದು ಮೃತ್ಯುಗಂಡಾಂತರಗಳಿಂದ ಪಾರಾದನೆಂದು ಕಥೆ ಮುಂದುವರಿಯುತ್ತದೆ. ಮೃಗಸೇನನೂ ಹಿಡಿದು ಬಿಟ್ಟನು, ಸರೋವರದ ದಡದವರೂ ಹಿಡಿದು ಬಿಟ್ಟರು. ಹೊರನೋಟಕ್ಕೆ ಎರಡೂ ಒಂದೇ. ಆದರೆ ಧೀವರನು ಬಿಟ್ಟದ್ದು ತನ್ನ ಅಂದಿನ ಅನ್ನವನ್ನು. ಇವರು ಬಿಟ್ಟದ್ದು ತಮಗೆ ಬೇಡವಾದುದನ್ನು. ಅವನು ಹಸಿವಿಗಾಗಿ ಬಲೆ ಬೀಸಿ ದಯೆಗಾಗಿ ಬಿಟ್ಟನು. ಇವರು ವಿನೋದಕ್ಕಾಗಿ ಗಾಳವಿಟ್ಟು, ಮತ್ತೆ ವಿನೋದ ಉಳಿಯಲೆಂದು ಬಿಟ್ಟರು. ತ್ಯಾಗವಿಲ್ಲದ ಬಿಡುಗಡೆಯು ಅಭಯದಾನವೆನಿಸದು. ಪ್ರಯೋಜನವಿಲ್ಲದೆ ಜೀವಿಯನ್ನು ನೋಯಿಸುವುದನ್ನು ಅನರ್ಥದಂಡವೆಂದು ಕರೆದು, ಅದರಿಂದ ವಿರತನಾಗುವುದನ್ನು ಗೃಹಸ್ಥನ ಗುಣವ್ರತಗಳಲ್ಲಿ ಒಂದಾಗಿ ಇಟ್ಟಿರುವುದು ಇದಕ್ಕಾಗಿಯೇ.

ಮರುದಿನ ಅಲ್ಲಿನ ಕಾವಲು ಠಾಣೆಯ ಅಧಿಕಾರಿಯಿಂದ ಮತ್ತೊಂದು ಸಂಗತಿ ತಿಳಿಯಿತು. ಆ ಸರೋವರಗಳಲ್ಲಿ ಮೂಲತಃ ಮೀನುಗಳೇ ಇರಲಿಲ್ಲ. ಹಿಮಯುಗದ ನೀರ್ಗಲ್ಲುಗಳು ಕೊರೆದ ಆ ಕೊಳಗಳಿಗೆ ಕೆಳಗಿನ ಹೊಳೆಗಳಿಂದ ಮೀನು ಏರಿಬರದಂತೆ ಜಲಪಾತಗಳು ತಡೆದಿದ್ದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮನುಷ್ಯರು ಗಾಳದ ವಿನೋದಕ್ಕಾಗಿ ಡಬ್ಬಿಗಳಲ್ಲಿ ಮರಿಗಳನ್ನು ತುಂಬಿ ಹೇಸರಗತ್ತೆಗಳ ಮೇಲೆ ಹೊತ್ತು ತಂದು ಬಿಟ್ಟರು. ಇಪ್ಪತ್ತನೆಯ ಶತಮಾನದ ನಡುವಿನಿಂದ ವಿಮಾನಗಳಿಂದಲೇ ಸುರಿದರು. ಬ್ರೂಕ್ ಟ್ರೌಟ್ ಆ ಖಂಡದ ಪೂರ್ವಭಾಗದ ಮೀನು. ಅಲ್ಲಿಯ ಹಳದಿ ಕಾಲಿನ ಬೆಟ್ಟಗಪ್ಪೆಯ ಗೊದಮೊಟ್ಟೆಯಾದರೋ ಕಪ್ಪೆಯಾಗಲು ಎರಡರಿಂದ ನಾಲ್ಕು ವರ್ಷ ಬೇಕು. ಚಳಿಗಾಲದಲ್ಲಿ ತಳದವರೆಗೆ ಹೆಪ್ಪುಗಟ್ಟದ ಆಳವಾದ ಕೊಳವೇ ಅದಕ್ಕೆ ಆಸರೆ. ಆ ಕೊಳಗಳಲ್ಲಿಯೇ ಟ್ರೌಟ್ ಬಂದು ಗೊದಮೊಟ್ಟೆಗಳನ್ನು ತಿಂದಿತು. ಕಪ್ಪೆಯನ್ನು ನಂಬಿದ ಹಾವು, ನೀರಿನ ಹುಳಗಳನ್ನು ನಂಬಿದ ಹಕ್ಕಿ ಎಲ್ಲಕ್ಕೂ ಪೆಟ್ಟು ಬಿದ್ದಿತು. ಪಕ್ಕದ ಸಿಕ್ಸ್ಟಿ ಲೇಕ್ ಕಣಿವೆಯ ಕೆಲವು ಕೊಳಗಳಿಂದ ಟ್ರೌಟನ್ನು ತೆಗೆದಾಗ ಕಪ್ಪೆಗಳು ಮತ್ತೆ ಹೆಚ್ಚಿದುದನ್ನು ವಾನ್ಸ್ ವ್ರೆಡೆನ್‌ಬರ್ಗ್ ಎಂಬ ವಿಜ್ಞಾನಿ 2004ರಲ್ಲಿ ಪ್ರಕಟಿಸಿದನು. ಆದರೆ ಬಳಿಕ ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ಬಂದು ಅವು ಮತ್ತೆ ರಾಶಿರಾಶಿಯಾಗಿ ಸತ್ತವು. ತನ್ನ ಹಿಂದಿನ ನೆಲೆಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಕಡೆ ಇಲ್ಲವಾದ ಈ ಕಪ್ಪೆಯನ್ನು 2014ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಟ್ರೌಟನ್ನು ಹೇಗೆ ತೆಗೆಯುತ್ತಾರೆಂದು ಮಗ ಕೇಳಿದನು. ಕಿವಿರು ಸಿಕ್ಕಿಕೊಳ್ಳುವ ಬಲೆಗಳಿಂದ ಎಂದು ಅಧಿಕಾರಿ ಮುಚ್ಚುಮರೆಯಿಲ್ಲದೆ ಹೇಳಿದನು. ಹಿಂದಿರುಗುವ ದಾರಿಯಲ್ಲಿ ಹುಡುಗನ ಪ್ರಶ್ನೆ ಬಂದಿತು: “ಅಪ್ಪ, ಮೀನನ್ನು ಕೊಂದು ಕಪ್ಪೆಯನ್ನು ಉಳಿಸುವುದು ಅಹಿಂಸೆಯೇ?”

ತಂದೆ ಕೂಡಲೇ ಉತ್ತರಿಸಲಿಲ್ಲ. ಹೌದೆಂದರೆ ಕೊಲೆಯನ್ನು ಅನುಮೋದಿಸಿದಂತಾಗುತ್ತಿತ್ತು. ಅಲ್ಲವೆಂದರೆ ಕಪ್ಪೆಯ ನಾಶಕ್ಕೆ ಕಣ್ಣುಮುಚ್ಚಿದಂತಾಗುತ್ತಿತ್ತು. ಘಟ್ಟದ ಏರಿನಲ್ಲಿ ಉಸಿರು ತಿರುಗಿಸಿಕೊಳ್ಳಲು ಕುಳಿತಾಗ ಅವನು ಹೇಳಿದ್ದು ಇಷ್ಟು: “ಅದನ್ನು ಅಹಿಂಸೆಯೆಂದು ಹೇಳಲಾರೆ, ಮಗಾ. ಆ ಬಲೆ ಎಳೆಯುವವರನ್ನು ದೂರಲೂ ಆರೆ. ಅವರು ತೀರಿಸುತ್ತಿರುವುದು ಬೇರೆಯವರ ಸಾಲ. ಆಟಕ್ಕೆಂದು ಮೊದಲು ಮೀನು ತಂದು ಬಿಟ್ಟರಲ್ಲ, ಅಂದೇ ಈ ಸಾವುಗಳೆಲ್ಲ ಬರೆದಾಗಿತ್ತು. ನಿನ್ನೆ ಎಳೆ ಎಂದು ಕೂಗಿದವನು ನಾನು. ಆ ಮೀನಿನ ಸಾವಿನಲ್ಲಿ ನಿನಗಿಂತ ನನ್ನ ಪಾಲು ದೊಡ್ಡದು.”

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಖುಷಿಯಾಗಿತ್ತು” ಎಂದನು. ತಂದೆಗೆ ಆ ಪ್ರಾಮಾಣಿಕ ಮಾತು ಯಾವ ಪಶ್ಚಾತ್ತಾಪಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು. ಗೆಳೆಯನ ತಂದೆ ಕೆಟ್ಟವನೇ ಎಂದು ಹುಡುಗ ಕೇಳಿದಾಗ ಅಲ್ಲವೆಂದು ಹೇಳಲು ಅವನಿಗೆ ಕಷ್ಟವಾಗಲಿಲ್ಲ. ಆ ಮನುಷ್ಯನಿಗೆ ಇಂಥ ವ್ರತವನ್ನು ಯಾರೂ ಕೊಟ್ಟಿರಲಿಲ್ಲ, ಕೊಟ್ಟಿದ್ದುದು ಇವರಿಗೆ.

ಸಿಯೆರಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಹೊಸದಾಗಿ ಮೀನು ಬಿಡುವುದು 1991ರ ಹೊತ್ತಿಗೆ ನಿಂತಿತ್ತು. ಮೊಟ್ಟೆಯಿಡಲು ತಕ್ಕ ಜಾಗವಿಲ್ಲದ ಕೆಲವು ಕೊಳಗಳಲ್ಲಿ ಇದ್ದ ಮೀನುಗಳು ಆಯುಸ್ಸು ಮುಗಿದು ಹೋದುವು. ಯಾರೂ ಕೊಲ್ಲದೆ ಆ ಕೊಳಗಳು ಮೊದಲಿನಂತಾದುವು. ಉಳಿದ ಕಡೆ ಮೀನು ಬೆಳೆಯುತ್ತಲೇ ಹೋಯಿತು. ಆಸ್ರವ, ಸಂವರ, ನಿರ್ಜರೆಗಳ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಸಿಗುವುದು ಕಷ್ಟ. ಒಳಹರಿವನ್ನು ತಡೆಯುವುದು ಸುಲಭ, ಅದರಲ್ಲಿ ಯಾರಿಗೂ ನೋವಿಲ್ಲ. ಬಂದು ಬೇರೂರಿದುದನ್ನು ಕಳೆಯುವುದು ಮಾತ್ರ ದೀರ್ಘ, ದುಃಖಕರ, ಕೈಗೆ ರಕ್ತ ಹತ್ತಿಸುವಂಥದು.

ಈ ಮಾತು ದೂರದ ಪರ್ವತಕ್ಕಷ್ಟೇ ಅನ್ವಯಿಸುವುದಿಲ್ಲ. ಬಸದಿಯ ಕೆರೆ-ಕಲ್ಯಾಣಿಗಳಿಗೆ ಪುಣ್ಯಾರ್ಥವಾಗಿ ಎಲ್ಲಿಂದಲೋ ತಂದ ಮೀನುಗಳನ್ನು ಬಿಡುವ ಸದ್ಭಕ್ತರು, ಅದಕ್ಕೆ ಒಪ್ಪಿಗೆ ಕೊಡುವ ಆಡಳಿತ ಮಂಡಳಿಗಳು, ಬಿಟ್ಟ ಜೀವವು ಆ ನೀರಿನ ಹಳೆಯ ಜೀವಗಳಿಗೆ ಏನಾದೀತೆಂದು ತಿಳಿದವರನ್ನು ಮೊದಲು ವಿಚಾರಿಸುವುದು ಒಳ್ಳೆಯದು. ಅರಿವಿಲ್ಲದ ದಯೆಯೂ ಪ್ರಮಾದವೇ.

ಹುಡುಗನು ಚಿಕ್ಕವನಿದ್ದಾಗ ಊರಿಗೆ ಬಂದು, ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗಿದ್ದುಂಟು. ದೋಣಿಯ ಅಂಚಿಗೆ ಬಾಗಿ ನೀರೊಳಗಿನ ಮೀನುಗಳನ್ನು ನೋಡುತ್ತ ಕುಳಿತವನನ್ನು ಅಜ್ಜಿ ಸೆರಗು ಹಿಡಿಸಿ ಕೂರಿಸಿಕೊಂಡಿದ್ದಳು. ಅಂದೂ ಅವನಿಗೆ ಹರ್ಷವಿತ್ತು. ಹಿಡಿಯುವ ಆಸೆ ಇರಲಿಲ್ಲ. ರೇ ಸರೋವರದಿಂದ ಹಿಂದಿರುಗಿದ ಕೆಲವು ವಾರಗಳಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಿತು. ಊರಿಗೆ ದೂರವಾಣಿ ಮಾಡಿ ಹಿರಿಯರಲ್ಲಿ ಕ್ಷಮೆ ಬೇಡಿದ ಮೇಲೆ ತಂದೆ-ಮಗ ಇಬ್ಬರೂ ಜಿನಬಿಂಬದ ಮುಂದೆ ಕೈಮುಗಿದು ನಿಂತರು. ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವ ಮಾತು ಪ್ರತಿವರ್ಷವೂ ತಂದೆಯ ಬಾಯಿಂದ ಸರಾಗವಾಗಿ ಬರುತ್ತಿತ್ತು. ಆ ವರ್ಷ ಮಾತ್ರ ಅದು ಒಮ್ಮೆ ತಡೆಯಿತು. ಸಕಲ ಜೀವಿಗಳ ನಡುವೆ ಅಂದು ಅವನಿಗೆ ಒಂದು ಮೀನು ಬೇರೆಯಾಗಿ ಕಾಣುತ್ತಿತ್ತು.