ಮಧುರೈಯಲ್ಲಿ ಅರಳಿದ ಕಣ್ಣಪಾಪೆಗಳು

ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಬೆಳಗ್ಗೆ ಮಧುರೈ ಮುಟ್ಟಿತು. ರೈಲಿಳಿದವರಲ್ಲಿ ಬಹಳ ಮಂದಿ ಮೀನಾಕ್ಷಿ ಗುಡಿಯ ಗೋಪುರಗಳತ್ತ ನಡೆದರು. ನಾನು ಅರವಿಂದ ಕಣ್ಣಾಸ್ಪತ್ರೆಯ ದಾರಿ ಹಿಡಿದೆ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದ ಡಾ. ಜಿ. ವೆಂಕಟಸ್ವಾಮಿ, ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ ಬರೀ 11 ಹಾಸಿಗೆಗಳಿಂದ ಕಟ್ಟಿದ ಸಂಸ್ಥೆ ಅದು.

ಒಳಗೆ ಬೆಂಚುಗಳ ತುಂಬ ಪೊರೆ ಬಂದ ಹಿರಿಯರು. ಹಳ್ಳಿಗಳಿಂದ ಬಂದು ಇಲ್ಲೇ ತರಬೇತಿ ಪಡೆದ ಹುಡುಗಿಯರು ಒಬ್ಬೊಬ್ಬರ ಕಣ್ಣಿಗೂ ಹನಿ ಹಾಕುತ್ತ ಸಾಗುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಸಾಸಿವೆ ಕಾಳಿನಷ್ಟಿದ್ದ ಪಾಪೆ ಹಿಗ್ಗಿ, ಕಣ್ಣಿನ ಕಂದು ಬಣ್ಣ ಅಂಚಿಗೆ ಸರಿದುಬಿಟ್ಟಿತ್ತು! ಎರಡು ಮೂರು ಮಿಲಿಮೀಟರಿನ ಬಾಗಿಲು ಏಳೆಂಟಕ್ಕೆ ತೆರೆದುಕೊಳ್ಳುತ್ತದೆ. ಪೊರೆಗಟ್ಟಿದ ಮಸೂರ ಇರುವುದು ಆ ಬಾಗಿಲ ಹಿಂದೆ. ಅದು ತೆರೆಯದೆ ವೈದ್ಯರಿಗೆ ಕೆಲಸವೇ ಇಲ್ಲ.

ಈ ಹನಿಗಳ ಜಾಣ್ಮೆ ನೋಡಿ. ಪಾಪೆಯನ್ನು ಮುಚ್ಚುವ ಸ್ನಾಯು ಒಂದು, ತೆರೆಯುವ ಸ್ನಾಯು ಇನ್ನೊಂದು. ಟ್ರಾಪಿಕಮೈಡ್ ಮೊದಲನೆಯದನ್ನು ಸಡಿಲಗೊಳಿಸುತ್ತದೆ, ಫಿನೈಲೆಫ್ರಿನ್ ಎರಡನೆಯದನ್ನು ಬಿಗಿಯುತ್ತದೆ. ಆದರೂ ಉಪಕರಣ ಒಳಹೊಕ್ಕೊಡನೆ ಕಣ್ಣು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಸುರಿಸಿ ಪಾಪೆಯನ್ನು ಮತ್ತೆ ಕುಗ್ಗಿಸಲು ನೋಡುತ್ತದೆ. ಅದನ್ನು ತಡೆಯುವುದಕ್ಕೆಂದೇ ಫ್ಲರ್ಬಿಪ್ರೊಫೆನ್‌ನಂಥ ಮತ್ತೊಂದು ಹನಿ. ಕೆಲವೊಮ್ಮೆ ಔಷಧಿಯನ್ನು ನೇರವಾಗಿ ಕಣ್ಣೊಳಗೇ ಬಿಡುತ್ತಾರೆ. ಆಗ ಅರ್ಧ ನಿಮಿಷದಷ್ಟರಲ್ಲಿ ಪಾಪೆ ಅರಳುತ್ತದೆ.

ಅನುಮತಿ ಪಡೆದು ಶಸ್ತ್ರಚಿಕಿತ್ಸೆಯನ್ನು ಪರದೆಯ ಮೇಲೆ ನೋಡಿದೆ. ಒಬ್ಬ ಅಜ್ಜನ ಪಾಪೆ ಯಾವ ಹನಿಗೂ ಜಗ್ಗಲಿಲ್ಲ. ವೈದ್ಯರು ಗಾಬರಿಯಾಗದೆ ಸ್ನಿಗ್ಧವಾದ ವಿಸ್ಕೋಎಲಾಸ್ಟಿಕ್ ದ್ರವ ತುಂಬಿ, ಸಣ್ಣ ಸೀಳಿನಲ್ಲಿ ಬಳೆಯೊಂದನ್ನು ಮಡಿಸಿ ಒಳಗಿಳಿಸಿದರು. ಅದು ಒಳಗೆ ಬಿಚ್ಚಿಕೊಂಡು ಪಾಪೆಯ ಅಂಚನ್ನು ಹಿಡಿದು ನಿಂತಾಗ ನಾನು ಉಸಿರಾಡಲು ಮರೆತಿದ್ದೆ. ರಷ್ಯಾದ ಬೋರಿಸ್ ಮಾಲ್ಯುಗಿನ್ ರೂಪಿಸಿದ ಇಂಥ ಬಳೆ ಪಾಪೆಯನ್ನು 6.25 ಅಥವಾ 7 ಮಿಲಿಮೀಟರಿಗೆ ಹಿಗ್ಗಿಸುತ್ತದೆ. ಕೋಲ್ಕತ್ತದ ಸುವೆನ್ ಭಟ್ಟಾಚಾರ್ಜಿ ಆರು ಮೂಲೆಯ ಇನ್ನೂ ತೆಳುವಾದ ಬಳೆ ಮಾಡಿದ್ದಾರೆ. ಇವೆರಡೂ ಇಲ್ಲದಿದ್ದರೆ ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್‌ನ ಅಂಚನ್ನು ನಾಲ್ಕೈದು ಕಡೆ ಎಳೆದಿಡುವ ಪುಟ್ಟ ಕೊಕ್ಕೆಗಳಿವೆ.

ಪಾಪೆ ಹೀಗೆ ಹಟ ಹಿಡಿಯಲು ಕಾರಣ ಹಲವು: ವಯಸ್ಸು, ಮಧುಮೇಹ, ಹಳೆಯ ಉರಿಯೂತ. ಒಂದು ಕಾರಣ ಮಾತ್ರ ಮನೆಯ ಮಾತ್ರೆಡಬ್ಬಿಯಲ್ಲೇ ಇರುತ್ತದೆ. ಪ್ರಾಸ್ಟೇಟ್ ತೊಂದರೆಗೆ ಗಂಡಸರು ನುಂಗುವ ಟ್ಯಾಮ್ಸುಲೋಸಿನ್ ಐರಿಸ್ ಅನ್ನು ಜೋಲಾಗಿಸಿ, ಶಸ್ತ್ರಚಿಕಿತ್ಸೆಯ ನಡುವೆಯೇ ಪಾಪೆ ಮುದುಡುವಂತೆ ಮಾಡಬಲ್ಲದು. ಅಮೆರಿಕದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಬೆಲ್ ಇದನ್ನು 2005ರಲ್ಲಿ ಬೆಳಕಿಗೆ ತಂದರು. ಮಾತ್ರೆ ನಿಲ್ಲಿಸಿದ ಮೇಲೂ ಈ ಪರಿಣಾಮ ಉಳಿಯಬಹುದು. ಮೊದಲೇ ತಿಳಿದಿದ್ದರೆ ವೈದ್ಯರು ಬಳೆ, ಕೊಕ್ಕೆ, ಔಷಧಿಗಳನ್ನೆಲ್ಲ ಸಿದ್ಧವಿಟ್ಟುಕೊಂಡೇ ಕೈಹಾಕುತ್ತಾರೆ.

ಆದ್ದರಿಂದ ನಿಮ್ಮ ಮನೆಯ ಹಿರಿಯರನ್ನು ಪೊರೆ ತೆಗೆಸಲು ಕರೆದೊಯ್ಯುವಾಗ ಅವರು ನುಂಗುವ, ಹಿಂದೆ ನುಂಗಿದ ಮಾತ್ರೆಗಳ ಚೀಟಿಯನ್ನೆಲ್ಲ ಜೊತೆಗಿಟ್ಟುಕೊಳ್ಳಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಕಣ್ಣಿನ ವೈದ್ಯರಿಗೆ ತಪ್ಪದೆ ತಿಳಿಸಿ.