ಸಂದುಸುಖ

ಗೋಡೆಯ ಮುಂದೆ ಸುಮ್ಮನೆ ಕೂರುವುದಕ್ಕೂ ಒಂದು ನೆಪ ಬೇಕು. ನನಗೆ ಆ ನೆಪ ಒದಗಿಸಿದ್ದು ಕೂಲರ್. ಹೋಳಿ ಮುಗಿಯುತ್ತಿದ್ದಂತೆ ನಾಗಪುರದ ಕಿಟಕಿಕಿಟಕಿಗೂ ಕೂಲರ್ ಬಂದು ಒರಗುತ್ತದೆ. 45 ಡಿಗ್ರಿಯ ಮೇ ತಿಂಗಳಲ್ಲಿ ಅದರ ಗುಂಯ್ ಎಂಬ ಸದ್ದೇ ಜೋಗುಳ. ಒದ್ದೆ ಲಾವಂಚದ ಪರಿಮಳದಲ್ಲಿ ನಾವು ಒಳಗೆ ಮಲಗಿರುವಾಗ, ಹೊರಗೆ ನೀರು ತೊಟ್ಟುತೊಟ್ಟಾಗಿ ಗೋಡೆಗಿಳಿಯುತ್ತಿರುತ್ತದೆ. ಧಂತೋಲಿಯ ನಮ್ಮ ಹಳೆಯ ಇಟ್ಟಿಗೆಮನೆ ಎಷ್ಟೋ ಬೇಸಿಗೆ ಹೀಗೆ ನೆನೆದು, ಈ ವರ್ಷ ಕಿಟಕಿಯ ಕೆಳಗೆ ಬಾಯಿಬಿಟ್ಟಿತು. ಸಂದಿನ ಗಾರೆ ಉದುರಿತ್ತು. ಇಟ್ಟಿಗೆಯ ಮೈಮೇಲೆ ಬಿಳಿ ಉಪ್ಪು ಅರಳಿತ್ತು.

ಸುಣ್ಣದ ಕೆಲಸಕ್ಕೆ ಸುಡುಬಿಸಿಲು ಸಲ್ಲದು. ಗಾರೆ ಬಲಿಯುವ ಮೊದಲೇ ಒಣಗಿಬಿಡುತ್ತದೆ. ಹಾಗಾಗಿ ದೀಪಾವಳಿ ಕಳೆಯುವ ತನಕ ಕಾದೆ. ಎಳೆಬಿಸಿಲು, ಒಂದು ಮಣೆ, ಒಂದು ಉಳಿ, ಒಂದು ಸಣ್ಣ ಕರಣೆ, ಬಕೆಟ್ ನೀರು. ಇಷ್ಟಿದ್ದರೆ ಬೆಳಗು ತುಂಬಿಹೋಗುತ್ತದೆ.

ಮೊದಲು ತಟ್ಟಿ ನೋಡುವುದು. ಗಟ್ಟಿ ಇಟ್ಟಿಗೆ ಠಣ್ ಎನ್ನುತ್ತದೆ, ಸೋತದ್ದು ದಬ್ ಎನ್ನುತ್ತದೆ. ಎರಡು ದಿನ ತಟ್ಟುತ್ತ ಹೋದರೆ ನಮಗೂ ಒಂದು ಇಟ್ಟಿಗೆಗಿವಿ ಮೂಡುತ್ತದೆ. ಧಾರವಾಡದ ನನ್ನ ಅವ್ವನಿಗೆ ಇದು ಇಟ್ಟಂಗಿ. ಇಲ್ಲಿಯ ನೆರೆಯವರಿಗೆ ವೀಟ್. ಪುಂಡಲೀಕ ಎಸೆದ ಒಂದು ವೀಟಿನ ಮೇಲೆಯೇ ಅಲ್ಲವೆ ಪಂಢರಪುರದ ವಿಠ್ಠಲ ಸೊಂಟಕ್ಕೆ ಕೈಯಿಟ್ಟು ನಿಂತದ್ದು? ಮರಾಠಿಯ ಜ್ಞಾನೇಶ್ವರರು ಆ ವಿಠ್ಠಲನನ್ನು ಕನ್ನಡದವನೆಂದು ಕರೆದರು. ಮರಾಠಿಯ ಊರಲ್ಲಿ ಕನ್ನಡದ ನಾನು ಇಟ್ಟಿಗೆಯೆದುರು ಕೂತಾಗ ಇದು ನೆನಪಾಗದೆ ಹೇಗೆ ಇದ್ದೀತು?

ಕಿಟಕಿಯ ಬಲಕ್ಕೆ ಹಿಂದೆಂದೋ ಯಾರೋ ಸಿಮೆಂಟು ಮೆತ್ತಿದ್ದರು. ಸಿಮೆಂಟು ಇನ್ನೂ ಭದ್ರವಾಗಿತ್ತು. ಅದರ ಅಕ್ಕಪಕ್ಕದ ಇಟ್ಟಿಗೆಗಳು ಮಾತ್ರ ಹಪ್ಪಳದಂತೆ ಪದರುಪದರಾಗಿ ಕಳಚಿದ್ದವು. ಹಳೆಯ ಗೋಡೆ ಸಂದಿನ ಮೂಲಕ ಉಸಿರಾಡುತ್ತದೆ. ಒಳಸೇರಿದ ತೇವ ಸುಣ್ಣದ ಹಾದಿ ಹಿಡಿದು ಹೊರಬರುತ್ತದೆ. ಆ ಹಾದಿಗೆ ಸಿಮೆಂಟು ಅಡ್ಡವಾದರೆ ತೇವ ಇಟ್ಟಿಗೆಯ ಮೈಯಿಂದಲೇ ದಾರಿ ಮಾಡಿಕೊಳ್ಳುತ್ತದೆ. ಜೊತೆಗೆ ಬಂದ ಉಪ್ಪು ಅಲ್ಲಿ ಹರಳುಗಟ್ಟಿ ಇಟ್ಟಿಗೆಯನ್ನೇ ಸಿಡಿಸುತ್ತದೆ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆಯುವ ಪಾಳಿ ಬಂದಾಗ ಅದು ತಾನು ಸವೆದು ಇಟ್ಟಿಗೆಯನ್ನು ಉಳಿಸುತ್ತದೆ. ಸಂದನ್ನು ಮತ್ತೆ ತುಂಬಬಹುದು, ಇಟ್ಟಿಗೆಯನ್ನು ಮತ್ತೆ ಸುಡಲಾಗದು.

ಅರ್ಧ ಇಂಚು ಅಗಲದ ಸಂದನ್ನು ಒಂದು ಇಂಚು ಆಳಕ್ಕೆ ಕೆರೆದೆ. ಧೂಳು ಗುಡಿಸಿದೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು ಕಲಸುತ್ತಿದ್ದಾಗ ಬೀದಿಯಲ್ಲಿ ಹೋಗುತ್ತಿದ್ದ ಮುದುಕ ಗೌಂಡಿಯೊಬ್ಬರು ಬೇಲಿಯಾಚೆ ನಿಂತರು. “ಭಾಊ, ಮೊದಲು ಗೋಡೆಗೆ ನೀರು ಕುಡಿಸಿ. ಬಾಯಾರಿದ ಇಟ್ಟಿಗೆ ಗಾರೆಯ ನೀರನ್ನೂ ಕುಡಿದುಬಿಡುತ್ತದೆ.” “ಆಗಲಿ ಕಾಕಾ” ಎಂದು ನೀರು ಚಿಮುಕಿಸಿದೆ. ಕೆಂಪು ಗಾಢವಾಯಿತು. ಮೊದಲ ಮಳೆಯ ವಾಸನೆ ಅಂಗೈಯಗಲದ ಜಾಗದಿಂದ ಎದ್ದು ಬಂತು. ಆಮೇಲೆ ಕರಣೆಯ ತುದಿಯಿಂದ ಗಾರೆಯನ್ನು ತೆಳುವಾಗಿ, ಒತ್ತಿಒತ್ತಿ, ಪದರದ ಮೇಲೆ ಪದರ ಕೂರಿಸುವುದು. ಬೆರಳಿಗೆ ಬೆಣ್ಣೆಯ ನುಣುಪು, ಕಿವಿಗೆ ಮರಳಿನ ಸಣ್ಣ ಕಿರಕಿರ. ಈ ಸುಖಕ್ಕೆ ಸಂದುಸುಖ ಎಂದು ನಾನೇ ಹೆಸರಿಟ್ಟಿದ್ದೇನೆ.

ಎಲ್ಲ ಬಿರುಕೂ ಕರಣೆಗೆ ಬಗ್ಗುವುದಿಲ್ಲ. ವಿದರ್ಭದ ಕರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲೆ ನಿಂತ ಗೋಡೆಯಲ್ಲಿ ಬಿರುಕು ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಹಿತ್ತಲ ಮೂಲೆಯ ಅಂಥದೊಂದು ಬಿರುಕಿನ ಮೇಲೆ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆದಿದ್ದೇನೆ. ಹರಿದರೆ ಇಂಜಿನಿಯರರನ್ನು ಕರೆಯಬೇಕು.

ಇದೇ ವಿದರ್ಭದಲ್ಲಿ, ರಾಮಟೇಕದ ಬಳಿಯ ಮನಸರಿನಲ್ಲಿ, ವಾಕಾಟಕ ಅರಸರ ಕಾಲದ ಇಟ್ಟಿಗೆ ಕಟ್ಟಡಗಳ ಅವಶೇಷಗಳಿವೆ, 5ನೇ ಶತಮಾನದವು. ಆ ವಂಶದ ನರೇಂದ್ರಸೇನನ ರಾಣಿ ಅಜ್ಝಿತಭಟ್ಟಾರಿಕೆ ಕುಂತಲದ ದೊರೆಯ ಮಗಳು, ಅಂದರೆ ನಮ್ಮ ಕಡೆಯ ಹೆಣ್ಣು. ಅಲ್ಲಿಯ ಇಟ್ಟಿಗೆಯೊಂದರ ಮೇಲೆ ಕೈಯಿಟ್ಟಾಗ ಅದು ಬಿಸಿಲಿಗೆ ಬೆಚ್ಚಗಿತ್ತು, ನಮ್ಮನೆಯ ಇಟ್ಟಿಗೆಯಷ್ಟೇ.

ತುಂಬಿದ ಸಂದುಗಳಿಗೆ ಈಗ ಒದ್ದೆ ಗೋಣಿ ಹೊದಿಸಿದ್ದೇನೆ. ಅದರಡಿ ಸುಣ್ಣ ಗಾಳಿಯನ್ನು ಉಣ್ಣುತ್ತ, ತಿಂಗಳುಗಟ್ಟಲೆ ನಿಧಾನವಾಗಿ, ಮತ್ತೆ ಕಲ್ಲಾಗುತ್ತದೆ. ನಿಮ್ಮದೂ ಹಳೆಯ ಮನೆಯಾಗಿದ್ದರೆ ಸಿಮೆಂಟಿನ ಚೀಲ ಬಿಚ್ಚುವ ಮುನ್ನ ಸಂದಿನ ಒಂದು ಚೂರು ಗಾರೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಮೆತ್ತಗೆ ಪುಡಿಯಾಗಿ ಬೆರಳಿಗೆ ಬಿಳಿ ಅಂಟಿದರೆ ಅದು ಸುಣ್ಣ. ಅದಕ್ಕೆ ಸುಣ್ಣವನ್ನೇ ಕೊಡಿ.